ಎಂಟು ಇಂಚಿನ ಪಾವಟಿಗೆ

ಪುಣೆಯ ಸದಾಶಿವ ಪೇಠೆಯಲ್ಲಿ ಬಾಡಿಗೆಗಿದ್ದು ಬಂದವರನ್ನು ಮನೆ ಹೇಗಿತ್ತು ಎಂದು ಕೇಳಿದರೆ, ಹೆಚ್ಚಿನವರು ಕೋಣೆಗಿಂತ ಮೊದಲು ಮೆಟ್ಟಿಲ ಸುದ್ದಿ ತೆಗೆಯುತ್ತಾರೆ. ಹಳೆಯ ವಾಡೆಗಳಲ್ಲಿ ಜಿನಾ ಎಂದು ಕರೆಯುವ ಮೆಟ್ಟಿಲ ಸಾಲು ಎರಡು ಗೋಡೆಗಳ ನಡುವೆ, ಕೆಲವು ಕಡೆ ಗೋಡೆಯ ದಪ್ಪದೊಳಗೇ, ಕಡಿದಾಗಿ ಏರಿ ಹೋಗುತ್ತದೆ. ಒಬ್ಬರು ಹತ್ತುವಾಗ ಇನ್ನೊಬ್ಬರು ಮೇಲೆ ಕಾಯಬೇಕು. ಕಟಾಂಜನದ ಬದಲು ಮೇಲಿನ ತೊಲೆಯಿಂದ ಒಂದು ಹಗ್ಗ ಇಳಿಬಿಟ್ಟಿರುತ್ತಾರೆ. ಹಿಡಿದ ಕೈಗಳೆಷ್ಟೋ, ಅದು ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿರುತ್ತದೆ. ಎರಡನೇ ಬಾಜಿರಾಯ 19ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ ವಿಶ್ರಾಮಬಾಗ್ ವಾಡೆ ಇದೇ ಪೇಠೆಯಲ್ಲಿದೆ. ನೋಡಲು ಬಂದವರು ಅದರ ಕೆತ್ತನೆಯ ಮರದ ಮುಂಭಾಗದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಸಾಧಾರಣ ವಾಡೆಗಳಲ್ಲಿ ಬದುಕಿದವರ ಮೈಯಲ್ಲಿ ಉಳಿಯುವುದು ಜಿನಾ.

ಜಿನಾ ಹತ್ತಿ ಕೋಣೆ ಸೇರಿದ ಮೇಲೂ ಹತ್ತುವುದು ಮುಗಿಯುವುದಿಲ್ಲ. ಒಳಗೆ ಮಾಳಾ ಇರುತ್ತದೆ, ಕನ್ನಡದ ಅಟ್ಟ. ಅದಕ್ಕೊಂದು ಏಣಿ. ಮರಾಠಿಯಲ್ಲಿ ಶಿಡಿ, ಧಾರವಾಡದ ಕಡೆ ನಿಚ್ಚಣಿಕೆ. ಈಗ ವಾಡೆಗಳು ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟುಗಳು ಎದ್ದಿವೆ. ಏಣಿ ಮಾತ್ರ ಹೋಗಿಲ್ಲ. ಎಂಪಿಎಸ್‌ಸಿ, ಯುಪಿಎಸ್‌ಸಿ ಪರೀಕ್ಷೆಗೆ ಓದಲು ಊರೂರಿಂದ ಬರುವ ಹುಡುಗ ಹುಡುಗಿಯರು ಈ ಪೇಠೆಯಲ್ಲಿ ಕೋಣೆ ಹಿಡಿಯುವುದಿಲ್ಲ, ಮಂಚ ಹಿಡಿಯುತ್ತಾರೆ. ‘ಕಾಟ್ ಬೇಸಿಸ್’ ಎಂಬ ಚೀಟಿ ಗಲ್ಲಿಗಳ ಗೋಡೆಗೆ ಅಂಟಿರುತ್ತದೆ. ಎರಡಂತಸ್ತಿನ ಕಬ್ಬಿಣದ ಮಂಚ, ಅದರ ಬದಿಗೆ ಬೆಸೆದ ಮೂರು ಸರಳು. ಅದನ್ನೇ ಏಣಿ ಎಂದು ನಂಬಿ ಹತ್ತಬೇಕು.

ಈ ಪೇಠೆಯ ಒಂದು ವಾಡೆಯ ಎರಡು ಕೋಣೆಯಲ್ಲಿ ನಲವತ್ತು ವರ್ಷ ಬಾಳಿದ ದಂಪತಿಯೊಬ್ಬರಿದ್ದಾರೆ. ಧಾರವಾಡದ ಕಡೆಯವರು. ಆತ ಪಿಂಪರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿದ್ದು ನಿವೃತ್ತರಾದವರು. ಆಕೆ ಮನೆಯಲ್ಲೇ ಮಷೀನು ಹಾಕಿಕೊಂಡು ಓಣಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟವರು. ಮೊಮ್ಮಗಳಿಗೆ ಅವರು ಅಜ್ಜ, ಅಜ್ಜಿ. ಇಲ್ಲಿಯೂ ಹಾಗೆಯೇ ಇರಲಿ.

ಅಜ್ಜನಿಗೆ ಹಳೆಯ ಆಸೆಯೊಂದಿತ್ತು. ಹೋಟೆಲ್ಲು, ಛತ್ರ, ನೆಂಟರ ಮನೆ ಯಾವುದನ್ನೂ ನೆಚ್ಚದೆ ಬಾದಾಮಿಗೆ, ಹಂಪಿಗೆ, ಅಲ್ಲಿಂದ ಮುಂದೆ ಮನಸ್ಸು ಬಂದ ಕಡೆಗೆ ಹೋಗಬೇಕು. ಮಲಗುವ ಹಾಸಿಗೆ ಜೊತೆಗೇ ಬರಬೇಕು. ಭಾರತದಲ್ಲಿ ಇಂಥ ಮನೆ-ಗಾಡಿ ಮಾಡಿಸುವವರು ಹೆಚ್ಚಾಗಿ ಹಿಡಿಯುವುದು ಫೋರ್ಸ್ ಟ್ರಾವೆಲರ್. ಒಳಗೆ ನೆಟ್ಟಗೆ ನಿಲ್ಲಬಹುದು, ಎಂಜಿನ್ನಿಗೆ ಏನಾದರೂ ಆದರೆ ಸಣ್ಣ ಊರಲ್ಲೂ ಮೇಸ್ತ್ರಿ ಸಿಗುತ್ತಾನೆ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಾಗ ಈ ಆಸೆಗೆ ಇನ್ನಷ್ಟು ಬಲ ಬಂತು. ಕಾಗದಪತ್ರದ ಕೆಲಸ ಕಡಿಮೆಯದಲ್ಲ. ನೋಂದಣಿ ಪತ್ರದಲ್ಲಿ ಬರೆದಿರುವುದಕ್ಕಿಂತ ಗಾಡಿಯನ್ನು ಬೇರೆಯಾಗಿ ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಅಂಥ ಮಾನದಂಡಗಳನ್ನು ಹೊರತರುವ ಎಆರ್‌ಎಐ ಸಂಸ್ಥೆ ಇರುವುದೂ ಪುಣೆಯಲ್ಲೇ, ಕೋಥರೂಡಿನ ಗುಡ್ಡದ ಮೇಲೆ. ಅದನ್ನೆಲ್ಲ ಬಲ್ಲ ಒಬ್ಬರ ಕೈಗೆ ಕೆಲಸ ಒಪ್ಪಿಸಿ, ಪ್ರಾವಿಡೆಂಟ್ ಫಂಡಿನ ಹಣದಲ್ಲಿ ಒಂದು ಪಾಲು ಸುರಿದು, ಗಾಡಿ ಸಿದ್ಧವಾಗಿ ಬಂತು.

ಒಲೆ ಚೆನ್ನಾಗಿತ್ತು, ನೀರಿನ ಟಾಕಿ ಚೆನ್ನಾಗಿತ್ತು. ಎಡಬದಿಗೆ ಉದ್ದಕ್ಕೆ ಒಂದು ಬೆಂಚು, ರಾತ್ರಿ ಅದೇ ಹಾಸಿಗೆ. ಹಿಂಬದಿಗೆ, ನೆಲದಿಂದ 50 ಇಂಚು ಎತ್ತರದಲ್ಲಿ ಅಡ್ಡಲಾಗಿ ಇನ್ನೊಂದು ಮಂಚ, ಅದರ ಕೆಳಗೆ ಸಾಮಾನು ತುಂಬುವ ಜಾಗ. ಮೇಲಿನ ಮಂಚಕ್ಕೆ ಹತ್ತಲು ಒಂದು ಸ್ಟೀಲ್ ಪೈಪಿನ ಏಣಿ. ಅದೊಂದೇ ಚೆನ್ನಾಗಿರಲಿಲ್ಲ.

*

ಮನೆಯಲ್ಲಿ ಯಾರೂ ಅದನ್ನು ದೊಡ್ಡ ವಿಷಯ ಎಂದುಕೊಳ್ಳಲಿಲ್ಲ. ಅಜ್ಜಿಯ ಬಲ ಮೊಣಕಾಲು ಸವೆದಿದೆ, ಆಕೆ ಕೆಳಗೆ ಮಲಗುತ್ತಾಳೆ, ಅಜ್ಜ ಮೇಲೆ. ಮಗಳು, ಅಳಿಯ, ಗಾಡಿ ಮಾಡಿಕೊಟ್ಟವರು ಎಲ್ಲರೂ ಕೇಳುವ ಮೊದಲೇ ಹೀಗೆ ತೀರ್ಮಾನಿಸಿಬಿಟ್ಟಿದ್ದರು. ಗಾಡಿ ಬಂದ ದಿನ ಅಜ್ಜಿ ಒಳಗೆ ಸುತ್ತಾಡಿ, ಮೇಲಿನ ಮಂಚದ ಹಿಂದಿನ ಸಣ್ಣ ಕಿಟಕಿಯನ್ನು ಸರಿಸಿ ನೋಡಿ, ತಿರುಗಿ ಹೇಳಿದರು:

“ಮ್ಯಾಲ ನಾ ಮಲಗ್ತೀನ್ರಿ. ನೀವು ಕೆಳಗ ಮಲಗ್ರಿ.”

“ನಿನ್ನ ಮೊಣಕಾಲು?”

“ಮೊಣಕಾಲು ನಂದೂ ಅಲ್ಲೇನ್ರಿ? ಅದೂ ಮ್ಯಾಲ ಬರತದ.”

ನಗುವಿನಲ್ಲಿ ಮುಗಿಯಬೇಕಿದ್ದ ಮಾತು ಮುಗಿಯಲಿಲ್ಲ. ವಾಡೆಯ ಆ ಎರಡು ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದರ ಎದುರಿಗೆ ಪಕ್ಕದ ಮನೆಯ ಗೋಡೆ. ಅಟ್ಟದ ಮೇಲೊಂದು ಸಣ್ಣ ಬೆಳಕಿಂಡಿ ಇತ್ತು. ಅಜ್ಜ ರಾತ್ರಿ ಪಾಳಿ ಮುಗಿಸಿ ಬಂದಾಗ ಹಗಲೆಲ್ಲ ಅಲ್ಲಿ ಮಲಗುತ್ತಿದ್ದರು. ಮುಂದೆ ಮಗಳು ಹತ್ತನೇ ಇಯತ್ತೆಗೆ ಓದಿದ್ದು ಅಲ್ಲೇ. ಅಜ್ಜಿ ಆ ನಿಚ್ಚಣಿಕೆ ಹತ್ತಿದ್ದಕ್ಕೆ ಲೆಕ್ಕವಿಲ್ಲ: ಉಪ್ಪಿನಕಾಯಿಯ ಭರಣಿ, ಗೌರಿ ಹಬ್ಬದ ಪಾತ್ರೆ, ಮಳೆಗಾಲಕ್ಕೆ ಕಟ್ಟಿಟ್ಟ ಹಪ್ಪಳದ ಡಬ್ಬಿ. “ಹತ್ತಿದ್ದು ಭಾಳ ಸಲ. ಮಲಗಿದ್ದು ಒಂದ್ ಸಲನೂ ಇಲ್ಲ” ಎಂದರು ಅಜ್ಜಿ. ಅದಕ್ಕೆ ಅಜ್ಜನ ಬಳಿ ಉತ್ತರವಿರಲಿಲ್ಲ. ಮರುದಿನ ಅವರು ಟೇಪು, ಪೆನ್ಸಿಲ್ಲು, ಗ್ರಾಫ್ ಹಾಳೆ ಹಿಡಿದು ಗಾಡಿಯೊಳಗೆ ಹೋದರು.

ಮೇಲಿನ ಹಾಸಿಗೆ ಯಾರದು ಎಂಬ ಪ್ರಶ್ನೆಗೆ ಈ ದೇಶದಲ್ಲಿ ಬಹುಕಾಲದಿಂದ ಇರುವ ಉತ್ತರ ರೈಲಿನದು. ವಯಸ್ಸಾದವರಿಗೆ, 45 ದಾಟಿದ ಹೆಂಗಸರಿಗೆ ಸಾಧ್ಯವಾದಷ್ಟೂ ಕೆಳಗಿನ ಬರ್ತ್ ಕೊಡು ಎಂಬುದು ಅದರ ನಿಯಮ. ಒಳ್ಳೆಯ ನಿಯಮವೇ. ಆದರೆ ಅದು ಮನುಷ್ಯರನ್ನು ಸರಿಸುತ್ತದೆ, ಏಣಿಯನ್ನು ಇದ್ದ ಹಾಗೇ ಬಿಡುತ್ತದೆ. ಎರಡನೇ ಉತ್ತರ ಬರಲು ತಡವಾಯಿತು. 2021ರಲ್ಲಿ ಎಸಿ ತ್ರೀ-ಟಯರ್ ಎಕಾನಮಿ ಬೋಗಿ ಬಂದಾಗ, ಮೊದಲು 72 ಬರ್ತ್ ಇದ್ದ ಜಾಗದಲ್ಲಿ 83 ಕೂರಿಸಿದರು. ಜನ ಹೆಚ್ಚಾಗಿ ಜಾಗ ಕಡಿಮೆಯಾದಾಗಲೇ ಏಣಿಯ ನೆನಪಾದದ್ದು. ಮಧ್ಯದ ಮತ್ತು ಮೇಲಿನ ಬರ್ತ್‌ಗೆ ಹತ್ತುವ ಏಣಿಯನ್ನು ಹೊಸದಾಗಿ ವಿನ್ಯಾಸ ಮಾಡಿದ್ದೇವೆ ಎಂದು ರೈಲ್ವೆ ಆಗ ಹೇಳಿಕೊಂಡಿತು. ಬೆಂಗಳೂರಿನ ಬೆಮೆಲ್ ಕಾರ್ಖಾನೆಯಲ್ಲಿ 2024ರ ಸೆಪ್ಟೆಂಬರಿನಲ್ಲಿ ವಂದೇ ಭಾರತ್ ಸ್ಲೀಪರ್ ರೈಲಿನ ಮಾದರಿಯನ್ನು ತೋರಿಸಿದಾಗಲೂ ಹೇಳಿಕೊಂಡ ಸೌಕರ್ಯಗಳಲ್ಲಿ ಮೇಲಿನ ಬರ್ತ್‌ನ ಏಣಿ ಒಂದಾಗಿತ್ತು. ಮನುಷ್ಯರನ್ನು ಕೆಳಗಿಳಿಸುವ ಬದಲು ಏಣಿಯನ್ನೇ ಸರಿಮಾಡುವುದು ಎಂದರೆ ಏನು? ಅಜ್ಜನ ಗ್ರಾಫ್ ಹಾಳೆಯ ಮೇಲೆ ಅದು ಇಂಚಿನ ಲೆಕ್ಕವಾಗಿ ಇಳಿಯಿತು.

*

ಗಾಡಿಯ ಜೊತೆ ಬಂದ ಏಣಿಗೆ ಮೂರು ಸರಳು. 50 ಇಂಚನ್ನು ಅವು ನಾಲ್ಕು ಪಾಲು ಮಾಡಿದ್ದವು, ಒಂದೊಂದು ಪಾಲು ಹನ್ನೆರಡೂವರೆ ಇಂಚು. ಮನೆಯ ಮೆಟ್ಟಿಲು 190 ಮಿಲಿಮೀಟರಿಗಿಂತ, ಅಂದರೆ ಏಳೂವರೆ ಇಂಚಿಗಿಂತ ಎತ್ತರ ಇರಬಾರದು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾತು. ಸವೆದ ಮೊಣಕಾಲಿಗೆ ಏಳೂವರೆಗೂ ಹನ್ನೆರಡೂವರೆಗೂ ಇರುವ ಅಂತರ ದೊಡ್ಡದು. ಮೆಟ್ಟಿಲು ಎತ್ತರವಾದಷ್ಟೂ ಮೊಣಕಾಲು ಹೆಚ್ಚು ಮಡಚುತ್ತದೆ. ಮಡಚಿದ ಕಾಲಿನ ಮೇಲೆ ಮೈಭಾರ ಎತ್ತುವಾಗ ಚಿಪ್ಪಿನ ಹಿಂದೆ ಒತ್ತಡ ಏರುತ್ತದೆ.

ಎರಡನೇ ದೋಷ ಪೈಪಿನದು. ಒಂದು ಇಂಚಿನ ದುಂಡು ಪೈಪಿನ ಮೇಲೆ ಬರಿಗಾಲು ಇಟ್ಟರೆ ಇಡೀ ಮೈಭಾರ ಅಂಗಾಲಿನ ಒಂದು ಗೆರೆಯ ಮೇಲೆ ಬೀಳುತ್ತದೆ. ಬೂಟು ಹಾಕಿದ ಕೂಲಿಗೆ ಅದು ತಿಳಿಯುವುದಿಲ್ಲ. ರಾತ್ರಿ ಎದ್ದು ಬಚ್ಚಲಿಗೆ ಹೋಗುವವರಿಗೆ ತಿಳಿಯುತ್ತದೆ. ಮೂರನೆಯದು, ಏಣಿ ಹೆಚ್ಚುಕಡಿಮೆ ನೆಟ್ಟಗೆ ನೇತಾಡುತ್ತಿತ್ತು, ಅದರ ಹಿಂದೆಯೇ ಪ್ಲೈವುಡ್ಡಿನ ತಡಿಕೆ. ಕಾಲಿನ ಬೆರಳು ಒಳಗೆ ಹೋಗಲು ಜಾಗವಿಲ್ಲದೆ ತುದಿಗಾಲಲ್ಲಿ ಹತ್ತಬೇಕಿತ್ತು. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು: ಮೇಲೆ ತಲುಪಿದಾಗ ಹಿಡಿಯಲು ಏನೂ ಇರಲಿಲ್ಲ. ಏಣಿಯಿಂದ ಬೀಳುವ ಭಯ ಹತ್ತುವಾಗ ಇರುವುದಲ್ಲ. ಮಂಚದಿಂದ ಹೊರಳಿ, ಬೆನ್ನು ಹೊರಗೆ ಮಾಡಿ, ಕಾಣದ ಮೊದಲ ಸರಳನ್ನು ಕಾಲಿನಿಂದ ಹುಡುಕುವ ಆ ಒಂದು ಗಳಿಗೆಯಲ್ಲಿ ಇರುವುದು.

ಇದಲ್ಲದೆ ಏಣಿ ಹಾಕಿದರೆ 22 ಇಂಚಿನ ನಡುದಾರಿ ಮುಚ್ಚಿಹೋಗುತ್ತಿತ್ತು. ಒರಗಿಸುವ ಏಣಿ ನಾಲ್ಕು ಅಡಿ ಏರಿದರೆ ಬುಡ ಒಂದು ಅಡಿ ಹೊರಗಿರಬೇಕು ಎಂಬುದು ಬಣ್ಣ ಹೊಡೆಯುವವರೂ ಬಲ್ಲ ಲೆಕ್ಕ. ಸುಮಾರು 75 ಡಿಗ್ರಿ ಓರೆ. ಆ ಲೆಕ್ಕದಲ್ಲಿ 50 ಇಂಚಿಗೆ ಹನ್ನೆರಡೂವರೆ ಇಂಚು ನೆಲ ಹೋಗುತ್ತದೆ. ಇನ್ನೂ ಆರಾಮವಾಗಿ ಓರೆ ಮಾಡಿದರೆ ದಾರಿಯೇ ಉಳಿಯದು. ಜಾಗ ಉಳಿಸಿದರೆ ಕಾಲಿಗೆ ಕಷ್ಟ, ಕಾಲಿಗೆ ಸುಖ ಕೊಟ್ಟರೆ ಜಾಗವಿಲ್ಲ. ಮನೆ-ಗಾಡಿಯ ಒಳಗಿನ ಪ್ರತಿಯೊಂದು ಸಾಮಾನೂ ಈ ಹಗ್ಗಜಗ್ಗಾಟದ ಮಗುವೇ.

ಅಜ್ಜನಿಗೆ ಮೊದಲು ಹೊಳೆದದ್ದು ಎಡಬಲ ಮೆಟ್ಟಿಲು. ಒಂದು ಹಲಗೆ ಎಡಗಾಲಿಗೆ, ಮುಂದಿನದು ಬಲಗಾಲಿಗೆ, ಅರ್ಧರ್ಧ ಕತ್ತರಿಸಿ ಜೋಡಿಸುವ ಬಗೆ. ಇಕ್ಕಟ್ಟಿನ ಮನೆಗಳಲ್ಲಿ ಜಗತ್ತಿನ ಎಲ್ಲ ಕಡೆ ಇದೆ. ಕಡಿಮೆ ಜಾಗದಲ್ಲಿ ಪಾದಕ್ಕೆ ಅಗಲ ಹಲಗೆ ಸಿಗುತ್ತದೆ. ಚಿತ್ರ ನೋಡಿ ಅಜ್ಜಿ ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಫಿಜಿಯೊಥೆರಪಿಯವರು ಕಲಿಸಿದ ಪಾಠ ಅವರಿಗೆ ಬಾಯಿಪಾಠವಾಗಿತ್ತು: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಪ್ರತಿ ಮೆಟ್ಟಿಲಿನಲ್ಲೂ ಎರಡು ಕಾಲು ಕೂಡಬೇಕು. ಎಡಬಲ ಮೆಟ್ಟಿಲಿನಲ್ಲಿ ಒಂದು ಹಲಗೆಗೆ ಒಂದೇ ಪಾದ. ನೋವಿನ ಕಾಲೂ ತನ್ನ ಸರದಿಯಲ್ಲಿ ಮೈಭಾರ ಎತ್ತಲೇಬೇಕು. ಗಟ್ಟಿ ಮೊಣಕಾಲಿನವರು ಕಂಡುಹಿಡಿದ ಉಪಾಯ ಅದು.

ಎರಡನೆಯ ಯೋಚನೆ ವಾಡೆಯ ನಿಚ್ಚಣಿಕೆಯದು. ವಾಡೆ ಇಂದೋ ನಾಳೆಯೋ ಬಿಲ್ಡರ್ ಕೈಗೆ ಹೋಗುವುದಿತ್ತು. ಹಳೆಯ ಸಾಗವಾನಿಯ ಆ ಏಣಿಯನ್ನು ಕತ್ತರಿಸಿ ಗಾಡಿಗೆ ಹೊಂದಿಸಿದರೆ ಮನೆಯ ನೆನಪೂ ಜೊತೆಗಿರುತ್ತದೆ ಎಂದು ಅಜ್ಜ ಹೇಳಿದರು; ಮಗಳಿಗೆ ಕೇಳಿ ಕಣ್ಣು ತುಂಬಿ ಬಂತು. ಅಜ್ಜಿಯ ಕಣ್ಣು ತುಂಬಲಿಲ್ಲ. “ಅದು ಭರಣಿ ಇಳಸೂ ನಿಚ್ಚಣಿಕಿ. ಅದರ ಮ್ಯಾಲ ನಾ ಮಲಗಾಕ ಹೋಗೂದಿಲ್ಲ” ಎಂದರು. ಅಳತೆಯೂ ಅವರ ಪಕ್ಷಕ್ಕೇ ಬಂತು. ಸರಳುಗಳ ನಡುವೆ ಹನ್ನೆರಡು ಇಂಚು, ಅಗಲ ಕಡಿಮೆ, ಒಬ್ಬರಿಂದ ಎತ್ತಲಾಗದ ಭಾರ. ಅದನ್ನು ಅಲ್ಲೇ ಬಿಟ್ಟರು.

*

ಉಪಾಯ ಬಂದದ್ದು ಏಣಿಯನ್ನು ಏಣಿ ಎಂದು ನೋಡುವುದನ್ನು ಬಿಟ್ಟಾಗ. 50 ಇಂಚನ್ನು ಆರು ಪಾಲು ಮಾಡಿದರೆ ಒಂದೊಂದು ಎಂಟು ಇಂಚಿನ ಮೇಲೆ ಒಂದು ಕೂದಲು. ಎರಡನೇ ಪಾಲಿನ ಎತ್ತರ ಹದಿನಾರೂ ಮುಕ್ಕಾಲು ಇಂಚು, ಬೆಂಚಿನ ಎತ್ತರವೂ ಅಷ್ಟೇ. ಅಂದರೆ ಎರಡನೇ ಪಾವಟಿಗೆ ಗಾಡಿಯಲ್ಲಿ ಮೊದಲೇ ಇತ್ತು, ಯಾರೂ ಅದನ್ನು ಪಾವಟಿಗೆ ಎಂದು ಕರೆದಿರಲಿಲ್ಲ. ಅದರ ಮುಂದೆ ಎಂಟು ಇಂಚು ಎತ್ತರದ ಒಂದು ಪೆಟ್ಟಿಗೆ ಇಟ್ಟರೆ ಮೊದಲ ಪಾವಟಿಗೆಯೂ ಆಯಿತು, ಚಪ್ಪಲಿ ಇಡಲು ಜಾಗವೂ ಆಯಿತು. ಉಳಿದದ್ದು ಬೆಂಚಿನಿಂದ ಮಂಚಕ್ಕೆ 33 ಇಂಚು. ಅದಕ್ಕೆ ಬೇಕಾದದ್ದು ಮೂರು ಹಲಗೆಯ ಗಿಡ್ಡ ಏಣಿ.

ಗಿಡ್ಡ ಏಣಿಯ ಬುಡ ನೆಲದಲ್ಲಲ್ಲ, ಬೆಂಚಿನ ಹಿಂತುದಿಯಲ್ಲಿ. ನಡುದಾರಿ ಪೂರ್ತಿ ತೆರವಾಯಿತು. ಓರೆಗೆ ಬೇಕಾದ ಒಂಬತ್ತು ಇಂಚು ಮಾತ್ರ ಬೆಂಚಿನಿಂದ ಹೋಯಿತು, ಅಂದರೆ ಅಜ್ಜನ ಹಾಸಿಗೆಯಿಂದ. ಬೆಂಚು 76 ಇಂಚು, ಒಂಬತ್ತು ಕಳೆದರೆ 67. ಅಜ್ಜನ ಎತ್ತರ ಐದು ಅಡಿ ಐದು ಇಂಚು. ಎರಡು ಇಂಚು ಉಳಿಯಿತು. “ನಿದ್ದಿಯೊಳಗ ಉದ್ದ ಆಗಬ್ಯಾಡ್ರಿ” ಎಂದರು ಅಜ್ಜಿ.

ಹಲಗೆಗಳನ್ನು ನಾಲ್ಕು ಇಂಚು ಅಗಲ ಮಾಡಿ, ಎರಡು ಪಾದ ಪಕ್ಕಪಕ್ಕ ನಿಲ್ಲುವಂತೆ ಹದಿನಾಲ್ಕು ಇಂಚು ಉದ್ದ ಇಟ್ಟರು. ಮೆತ್ತಗಿರಲಿ ಎಂದು ಮೊದಲು ಫೋಮ್ ಸುತ್ತಿ ನೋಡಿದ್ದಾಯಿತು. ಮೆತ್ತಗಿರುವುದು ಬೇರೆ, ಸುಖವಾಗಿರುವುದು ಬೇರೆ ಎಂದು ಎರಡೇ ದಿನದಲ್ಲಿ ತಿಳಿಯಿತು. ಫೋಮಿನ ಮೇಲೆ ಪಾದ ಅಲುಗುತ್ತದೆ, ಅಲುಗಿದ ಪಾದವನ್ನು ಸಂಭಾಳಿಸುವ ಕೆಲಸ ಮತ್ತೆ ಮೊಣಕಾಲಿನ ಮೇಲೇ ಬೀಳುತ್ತದೆ. ಕೊನೆಗೆ ಹಲಗೆಯ ಅಂಚನ್ನು ದುಂಡಗೆ ಉಜ್ಜಿ, ಹಳೆಯ ಮಂಚದಿಂದ ಬಿಚ್ಚಿಟ್ಟಿದ್ದ ನವಾರಿನ ಪಟ್ಟಿಯನ್ನು ಅಜ್ಜಿಯೇ ಬಿಗಿಯಾಗಿ ಸುತ್ತಿ ಅಡಿಗೆ ಹೊಲಿದರು. ನವಾರು ಜಾರುವುದಿಲ್ಲ, ಬೆವರು ಹೀರುತ್ತದೆ, ಕೊಳೆಯಾದರೆ ಬಿಚ್ಚಿ ತೊಳೆಯಬಹುದು. ಏಣಿಯ ಹಿಂದಿನ ಪ್ಲೈವುಡ್ಡನ್ನು ಕತ್ತರಿಸಿ ತೆಗೆದು ಅಲ್ಲೊಂದು ದಪ್ಪ ಪರದೆ ಹಾಕಿದರು. ಕಾಲಿನ ಬೆರಳು ಈಗ ಪರದೆಯನ್ನು ತಳ್ಳಿಕೊಂಡು ಒಳಗೆ ಹೋಗುತ್ತದೆ. ಇಡೀ ಪಾದ ಹಲಗೆಯ ಮೇಲೆ ಕೂರುತ್ತದೆ.

ಹಿಡಿಕೆ ಎಲ್ಲಿರಬೇಕು ಎಂಬುದನ್ನು ಅಜ್ಜ ಹಾಳೆಯ ಮೇಲೆ ಮೂರು ಸಲ ಗುರುತು ಮಾಡಿ ಮೂರು ಸಲ ಅಳಿಸಿದರು. ಕೊನೆಗೆ ಹಾಳೆ ಮಡಚಿಟ್ಟು, ಅಜ್ಜಿಯನ್ನು ಕಣ್ಣು ಮುಚ್ಚಿ ಹತ್ತಲು ಹೇಳಿ, ತಾವು ಕೆಳಗೆ ಎರಡೂ ಕೈ ಚಾಚಿ ನಿಂತರು. ಹತ್ತುವಾಗ ಆಕೆಯ ಎಡಗೈ ತಾನಾಗಿ ಎಲ್ಲಿಗೆ ಹೋಯಿತೋ ಅಲ್ಲಿ ಸೀಮೆಸುಣ್ಣದ ಗೆರೆ. ಇಳಿಯುವಾಗ ಬಲಗೈ ಹೋದಲ್ಲಿ ಇನ್ನೊಂದು. ಎರಡೂ ಗೆರೆ ಅಜ್ಜ ಊಹಿಸಿದ್ದಕ್ಕಿಂತ ಅರ್ಧ ಅಡಿ ಕೆಳಗಿದ್ದವು. ಅವರು ತಮ್ಮ ಕೈಯ ಅಳತೆಯಲ್ಲಿ ಯೋಚಿಸಿದ್ದರು. ಮುಷ್ಟಿ ತುಂಬುವಷ್ಟು ದಪ್ಪದ ಎರಡು ಮರದ ಹಿಡಿಕೆಗಳನ್ನು ಗೆರೆ ಬಿದ್ದಲ್ಲೇ, ಬರಿಯ ಪ್ಲೈವುಡ್ಡಿಗಲ್ಲದೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದರು.

ಇನ್ನೂ ಒಂದು ತೊಡಕಿತ್ತು. ಮಂಚದ ಮೇಲೆ ಎರಡು ಅಡಿಯ ಮೇಲೆ ಸ್ವಲ್ಪ ಎತ್ತರ ಅಷ್ಟೇ. ಅಂಬೆಗಾಲಿಟ್ಟು ಒಳಗೆ ಹೋಗಬೇಕು, ಅಂಬೆಗಾಲೆಂದರೆ ಮೊಣಕಾಲೂರಬೇಕು. ದಿಂಬಿನ ದಿಕ್ಕು ಬದಲಿಸಿದಾಗ ಅದೂ ಬಗೆಹರಿಯಿತು. ದಿಂಬನ್ನು ಏಣಿಯ ಬದಿಗೇ ಇಟ್ಟರೆ, ಕೊನೆಯ ಹಲಗೆಯಿಂದ ಹಿಡಿಕೆ ಹಿಡಿದು ತಿರುಗಿ, ತಲೆ ಬಗ್ಗಿಸಿ ಮಂಚದ ಅಂಚಿಗೆ ಕೂತು, ಮಗ್ಗುಲಾಗಿ ಕಾಲು ಎಳೆದುಕೊಂಡರೆ ಆಯಿತು. ಮೊಣಕಾಲು ಎಲ್ಲೂ ಊರಬೇಕಿಲ್ಲ.

ಹಗಲಿನಲ್ಲಿ ಗಿಡ್ಡ ಏಣಿ ಬಿಚ್ಚಿ ಮೇಲಿನ ಹಾಸಿಗೆಯ ಪಕ್ಕದಲ್ಲಿ ಮಲಗುತ್ತದೆ, ಎರಡು ಪಟ್ಟಿಯಿಂದ ಬಿಗಿದು. ಪಟ್ಟಿ ಅಲಂಕಾರಕ್ಕಲ್ಲ. ಗಂಟೆಗೆ 60 ಕಿಲೋಮೀಟರ್ ಓಡುತ್ತಿರುವ ಗಾಡಿ ಗಕ್ಕನೆ ನಿಂತರೆ ಕಟ್ಟದ ಏಣಿ ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ. ಅದೇ ಕಾರಣಕ್ಕೆ ಗಾಡಿ ಓಡುವಾಗ ಮೇಲೆ ಯಾರೂ ಮಲಗುವಂತಿಲ್ಲ. ಇಬ್ಬರೂ ಮುಂದೆ, ಬೆಲ್ಟು ಹಾಕಿಕೊಂಡು.

ಅಟ್ಟಕ್ಕೆ ಹಾರದವ ಬೆಟ್ಟಕ್ಕೆ ಹಾರಿಯಾನೆ ಎಂಬ ಗಾದೆಯನ್ನು ಹೇಳುವವರು ಹಾರುವವನ ಕಾಲನ್ನಷ್ಟೇ ನೋಡುತ್ತಾರೆ. ಅಟ್ಟದ ಮೆಟ್ಟಿಲನ್ನು ಯಾರ ಕಾಲಿನ ಅಳತೆಗೆ ಮಾಡಿದ್ದು ಎಂದು ಕೇಳುವುದಿಲ್ಲ. ಅಜ್ಜಿಯ ಮೊಣಕಾಲು ಗುಣವಾಗಿಲ್ಲ, ಆಗುವುದೂ ಇಲ್ಲ. ಇನ್ನು ಐದು ವರ್ಷಕ್ಕೆ ಎಂಟು ಇಂಚೂ ಹೆಚ್ಚೆನಿಸಬಹುದು. ಆಗ ಅವರು ಕೆಳಗೆ ಮಲಗಬೇಕಾದೀತು. ಅದು ಅಜ್ಜನಿಗೂ ಗೊತ್ತು, ಅಜ್ಜಿಗೂ ಗೊತ್ತು. ಈ ಕೆಲಸವೆಲ್ಲ ಆ ಐದು ವರ್ಷಕ್ಕಾಗಿ.

ಚಳಿಗಾಲ ಹಿಡಿಯುವ ಹೊತ್ತಿಗೆ ಅವರು ಧಾರವಾಡದ ಹಾದಿ ಹಿಡಿದರು. ಮೊದಲ ರಾತ್ರಿ ಕೊಲ್ಹಾಪುರ ದಾಟಿ, ಪರಿಚಯದವರ ಕಬ್ಬಿನ ಹೊಲದ ಅಂಚಿನಲ್ಲಿ ಗಾಡಿ ನಿಲ್ಲಿಸಿದರು. ಅಜ್ಜ ನಿದ್ದೆ ಮಾಡಬಾರದೆಂದು ನಿಶ್ಚಯಿಸಿ, ಏಣಿಯ ಸದ್ದಿಗೆ ಕಿವಿಗೊಟ್ಟು ಮಲಗಿದರು. ಹಳೆಯ ಪೈಪಿನ ಏಣಿಯಾಗಿದ್ದರೆ ಹುಕ್ಕು ಕಟಕಟ ಎನ್ನುತ್ತಿತ್ತು. ಬೆಳಿಗ್ಗೆ ಅವರಿಗೆ ಎಚ್ಚರವಾದಾಗ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

“ರಾತ್ರಿ ಇಳಿದಿದ್ದೇನು?”

“ಎರಡ್ ಸಲ ಇಳಿದೆ. ಎರಡ್ ಸಲ ಹತ್ತಿದೆ.”

“ನನ್ನ ಎಬ್ಬಸಬೇಕಿಲ್ಲೋ?”

“ಯಾಕ್ರಿ?” ಎಂದು ಅಜ್ಜಿ ಚಹಾ ಸೋಸಿದರು.